ಕೂಗಿಗೊಂದು ಓ

ವಾದ ಮಾಡುವುದೆಂದರೆ ನನಗೆ ಊಟಕ್ಕಿಂತ ಇಷ್ಟ. ಯಾವ ಕಡೆಯಾದರೂ ಸರಿ. ಗಂಡ ಸೆಖೆ ಅಂದರೆ ನಾನು ಚಳಿ ಅನ್ನುತ್ತೇನೆ. ಅವರು ಹೌದು ಚಳಿ ಅಂತ ಶಾಲು ಹೊದ್ದರೆ ನನಗೆ ಬೆವರು ಬರುತ್ತದೆ. ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ರವಿಕೆ ಬಟ್ಟೆ, ಫಾಲ್ಸ್, ಲೈನಿಂಗು ಇಷ್ಟೇ. ಸೀರೆಯ ಅಂಚು ಗಿಳಿಹಸಿರೋ ಎಲೆಹಸಿರೋ ಎಂದು ಗಿರಾಕಿಯ ಜೊತೆ ಗಂಟಲು ಹರಿಯುವಷ್ಟು ವಾದಿಸಿ, ಕೊನೆಗೆ ಅವರು ಕೇಳಿದ್ದನ್ನೇ ಕತ್ತರಿಸಿ ಕೊಟ್ಟು ಕಳಿಸುವವಳು ನಾನು. ಹಾಗಾಗಿ ಮೂರು ತಾಲ್ಲೂಕಿನ ಮಹಿಳೆಯರಿಗೆ ತೀರ್ಥಹಳ್ಳಿಯಲ್ಲಿ ಚರ್ಚಾ ಸ್ಪರ್ಧೆ ಇದೆ ಎಂದು ಸುದ್ದಿ ಬಂದಾಗ ನಮ್ಮ ಮಹಿಳಾ ಸಂಘದವರು ನನ್ನನ್ನು ಒಂದು ಮಾತು ಕೇಳಲೂ ಇಲ್ಲ, ಹೆಸರು ಕಳಿಸಿಯೇಬಿಟ್ಟರು.

ಈ ಸ್ಪರ್ಧೆಗಳ ವಿಷಯ ನಮಗೆ ಬಾಯಿಪಾಠ. ಮೊಬೈಲ್ ವರವೋ ಶಾಪವೋ, ಕೂಡುಕುಟುಂಬ ಬೇಕೋ ಬೇಡವೋ. ಆ ವರ್ಷ ತೀರ್ಥಹಳ್ಳಿಯ ಸಮಿತಿಗೆ ಯಾರೋ ನಿವೃತ್ತ ಲೆಕ್ಚರರ್ ಬಂದು ಸೇರಿದ್ದರಂತೆ. ವಿಷಯ ಹೀಗಿತ್ತು: ಪರದೇಶದವರ ಸ್ವಾತಂತ್ರ್ಯಕ್ಕಾಗಿ ನಮ್ಮ ದೇಶದ ನಾಯಕರು ದನಿ ಎತ್ತಬೇಕೇ? ಓದಿ ನಾನು ಅಂಗಡಿಯಲ್ಲೇ ಕುಣಿದಾಡಿದೆ. ಉಪ್ಪಿನಕಾಯಿ ಸ್ಪರ್ಧೆ, ರಂಗೋಲಿ ಸ್ಪರ್ಧೆ ಎಂದು ಓಡಾಡಿಕೊಂಡಿದ್ದವರ ಕೈಗೆ ಒಮ್ಮೆಲೇ ವಿದೇಶಾಂಗ ಖಾತೆ ಕೊಟ್ಟ ಹಾಗಾಗಿತ್ತು.

ನಿಯಮವೂ ಮಜವಾಗಿತ್ತು. ತಾಲ್ಲೂಕಿಗೆ ಇಬ್ಬರು. ಒಬ್ಬಳು ಪರ ಮಾತಾಡಬೇಕು, ಇನ್ನೊಬ್ಬಳು ವಿರೋಧ. ಯಾರಿಗೆ ಯಾವುದು ಎಂಬುದು ವೇದಿಕೆಯ ಮೇಲೆ ಚೀಟಿ ಎತ್ತಿದಾಗಲೇ ಗೊತ್ತಾಗುವುದು. ನನಗೆ ಜೊತೆಯಾಗಬೇಕಿದ್ದ ನಮ್ಮ ಬೀದಿಯ ಟೀಚರು ಮಗಳ ಹೆರಿಗೆ ಎಂದು ಶಿವಮೊಗ್ಗಕ್ಕೆ ಹೋಗಿಬಿಟ್ಟರು. ಇನ್ನು ಯಾರನ್ನು ಹಿಡಿಯುವುದು ಎಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಯೋಚಿಸುತ್ತಿರುವಾಗ ಎದುರಿನ ಫುಟ್‌ಪಾತಿನಿಂದ ಒಂದು ದೊಡ್ಡ ದನಿ ಕೇಳಿಸಿತು. ಯಾರೋ ಗಿರಾಕಿ ಸ್ವೆಟರಿನ ಬಣ್ಣ ಹೋಗುತ್ತದೆಯೇ ಎಂದು ಕೇಳಿದ್ದಕ್ಕೆ, ನಿಮ್ಮ ಬಣ್ಣ ಹೋದರೂ ಇದರ ಬಣ್ಣ ಹೋಗುವುದಿಲ್ಲ ಎಂದು ಅವಳು ಉತ್ತರ ಕೊಟ್ಟಿದ್ದಳು.

ಅವಳು ನಮ್ಮ ಸ್ವೆಟರಿನವಳು. ದೀಪಾವಳಿ ಕಳೆದ ಮೇಲೆ ಮುಂಡಗೋಡಿನ ಟಿಬೆಟ್ ಕಾಲೊನಿಯಿಂದ ಬಂದು, ಸಂಕ್ರಾಂತಿಯವರೆಗೆ ನನ್ನ ಅಂಗಡಿಯ ಎದುರು ಟಾರ್ಪಾಲು ಕಟ್ಟಿಕೊಂಡು ಸ್ವೆಟರು, ಕುಲಾವಿ, ಶಾಲು ಮಾರುತ್ತಾಳೆ. ಸಂಜೆ ಗಂಟುಗಳನ್ನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡುತ್ತಾಳೆ, ನಮ್ಮ ಮನೆಯ ಮಹಡಿಯಲ್ಲಿ ಮಲಗುತ್ತಾಳೆ. ಅವಳ ಕನ್ನಡ ಧಾರವಾಡದ ಕಡೆಯದು, ನಮ್ಮದಕ್ಕಿಂತ ಒಂದು ಹಿಡಿ ಖಾರ ಜಾಸ್ತಿ. ಅಪ್ಪ ಅಮ್ಮ ಹಿಮದ ಬೆಟ್ಟ ದಾಟಿ ನಡೆದು ಬಂದವರು. ಇವಳು ಹುಟ್ಟಿದ್ದು ಮುಂಡಗೋಡಿನಲ್ಲೇ, ತನ್ನ ದೇಶವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ನೋಡಿದ್ದೇ ಇಲ್ಲ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಇದ್ದಾಳೆ, ಅವಳ ಪಕ್ಕದಲ್ಲಿ ಸದಾ ಒಂದು ರೇಡಿಯೋ ಇರುತ್ತದೆ.

ಸ್ಪರ್ಧೆಗೆ ಬರುತ್ತೀಯಾ ಎಂದು ಕೇಳಿದೆ. ವಿಷಯ ಹೇಳಿದೆ. ಎಂದೂ ಮಾತಿಗೆ ತಡಕಾಡದವಳು ಕೈಯಲ್ಲಿದ್ದ ಕುಲಾವಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಬರ್ತೇನ್ರಿ ಅಕ್ಕಾ," ಅಂದಳು. "ನಮ್ಮವ್ವಗ ವಿಡಿಯೋ ಕಳಿಸ್ತೇನಿ. ನಮ್ಮ ಊರಿನ ಸುದ್ದಿ ಹೊರಗಿನ ಮಂದಿ ಮುಂದ, ಸ್ಟೇಜಿನ ಮ್ಯಾಲೆ, ಮೈಕಿನಾಗ ಯಾರರ ಹೇಳೂದು ಆಕಿ ಒಮ್ಮೆ ಕೇಳಬೇಕು. ಅಷ್ಟ ಆಕಿ ಆಸೆ. ದೊಡ್ಡ ಮಂದಿ ಹೇಳವಲ್ರು, ನಾನ ಹೇಳ್ತೇನಿ."

ತಾಲ್ಲೂಕಿನಲ್ಲಿ ವಾಸವಿರುವವರಿಗೆ ಮಾತ್ರ ಅವಕಾಶ ಎಂದು ಸಂಘದಲ್ಲಿ ಯಾರೋ ತಕರಾರು ತೆಗೆದರು. ಚಳಿಗಾಲದಲ್ಲಿ ಸಾಗರದಲ್ಲಿ ಇವಳಷ್ಟು ಹೊತ್ತು ಬೀದಿಯಲ್ಲಿ ವಾಸವಿರುವವರು ಬೇರೆ ಯಾರಿದ್ದಾರೆ ತೋರಿಸಿ ಎಂದು ನಾನು ಕೂತಲ್ಲಿಂದ ಎದ್ದೆ. ನಾನು ಎದ್ದರೆ ಕೂರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಒಪ್ಪಿಕೊಂಡರು.

ಸ್ಪರ್ಧೆಗೆ ಮುಂಚಿನ ಭಾನುವಾರ ಅತ್ತೆ ಹಟ ಹಿಡಿದರು: ಸಿಗಂದೂರಿಗೆ ಹೋಗಿ ದೇವಿಗೆ ಹಣ್ಣುಕಾಯಿ ಮಾಡಿಸಿಕೊಂಡೇ ಬರಬೇಕು. ಅತ್ತೆಯ ತವರೂ ಅಲ್ಲೇ ಹೊಳೆಯಾಚೆ, ಹಿನ್ನೀರಿನ ಅಂಚಿನ ಊರು. ಆಗಿನ್ನೂ ಸೇತುವೆಯಾಗಿರಲಿಲ್ಲ, ಅದರ ಕಂಬಗಳು ನೀರಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದವು. ಅತ್ತೆ, ನಾನು, ಸ್ವೆಟರಿನವಳು ಮೂವರೂ ಈಚೆ ದಡದ ಹೊಳೆಬಾಗಿಲಿನಲ್ಲಿ ಬಸ್ಸಿಳಿದು ಓಡುವಷ್ಟರಲ್ಲಿ ಲಾಂಚು ದಡ ಬಿಟ್ಟಿತ್ತು. ನಾನು ಡ್ರೈವರನ್ನೂ ರಸ್ತೆಯನ್ನೂ ಸರ್ಕಾರವನ್ನೂ ಒಟ್ಟಿಗೆ ಬೈಯಲು ಬಾಯಿ ತೆರೆದೆ. ಅತ್ತೆ ಮಾತ್ರ ಎರಡೂ ಕೈಯನ್ನು ಬಾಯಿಗೆ ಆನಿಸಿಕೊಂಡು, ಹೊಟ್ಟೆಯ ಆಳದಿಂದ, "ಕೂ…ಊಊ" ಎಂದು ಒಂದು ಕೂಗು ಹಾಕಿದರು. ಕಂಬದ ಮೇಲೆ ಕೂತಿದ್ದ ಹಕ್ಕಿಗಳೆಲ್ಲ ಎದ್ದುಹೋದವು. ನೀರಿನ ನಡುವಿನಿಂದ, ಲಾಂಚಿನ ಕಟಾಂಜನದ ಹತ್ತಿರ ನಿಂತಿದ್ದವನು ತಿರುಗಿ, "ಓ…" ಎಂದು ಉದ್ದಕ್ಕೆ ಉತ್ತರ ಕೊಟ್ಟ. ಲಾಂಚು ಮಾತ್ರ ತಿರುಗಲಿಲ್ಲ, ತನ್ನ ಪಾಡಿಗೆ ಹೋಯಿತು.

ಅತ್ತೆ ತೃಪ್ತಿಯಿಂದ ಸೆರಗು ಸರಿಮಾಡಿಕೊಂಡು ಕಲ್ಲಿನ ಮೇಲೆ ಕೂತರು. ನಮ್ಮ ಸ್ವೆಟರಿನವಳಿಗೆ ತಡೆಯಲಾಗಲಿಲ್ಲ. ಅವನು ವಾಪಸು ಬರುವುದಿಲ್ಲವಲ್ಲ, ಮತ್ತೆ ಓ ಅಂದಿದ್ದು ಯಾಕೆ ಎಂದು ಕೇಳಿದಳು.

"ಬರ್ತಾನೋ ಬಿಡ್ತಾನೋ ಅದು ಆಮೇಲಿನ ಮಾತು ಕಣೇ," ಅತ್ತೆ ಹೇಳಿದರು. "ಕೂಗಿದ್ದು ಕೇಳ್ತು ಅಂತ ಹೇಳ್ಬೇಕಲ. ಇಲ್ದಿದ್ರೆ ಕೂಗಿದೋಳು ಎಂತ ಮಾಡ್ಬೇಕು? ಹುಚ್ಚಿ ಹಂಗೆ ಕೂಗ್ತಾನೇ ಇರ್ಬೇಕಾ?"

ಅತ್ತೆಯ ಊರಲ್ಲಿ ಒಂದು ಮನೆ ಈ ಗುಡ್ಡದಲ್ಲಿದ್ದರೆ ಇನ್ನೊಂದು ಆ ಗುಡ್ಡದಲ್ಲಿ. ಮೊಬೈಲು ಬಂದರೂ ಸಿಗ್ನಲ್ಲು ಬರದ ಜಾಗ. ಕಾಡಿನಲ್ಲಿ ದಾರಿ ತಪ್ಪಿದವರು, ದನ ಕಳೆದುಕೊಂಡವರು, ಆಚೆ ದಡದಲ್ಲಿ ಉಳಿದವರು ಎಲ್ಲರದ್ದೂ ಒಂದೇ ಕೂಗು. ಕೇಳಿದವರು ಉಣ್ಣುತ್ತಿದ್ದರೂ ಸರಿ, ಜಗಳವಾಡಿ ಮಾತು ಬಿಟ್ಟವರಾದರೂ ಸರಿ, ಓ ಅನ್ನಲೇಬೇಕು. ಒಂದು ವಿನಾಯಿತಿ ಮಾತ್ರ ಇದೆ. ಮೂರುಸಂಜೆಯಲ್ಲಿ ಒಂದೇ ಸಲ ಕೂಗಿ ಸುಮ್ಮನಾದರೆ ಓಗೊಡಬಾರದು. ಅದು ದೆವ್ವ. ದೆವ್ವಕ್ಕೆ ಮೂರು ಸಲ ಕರೆಯಲು ಬರುವುದಿಲ್ಲವಂತೆ. ಯಾಕೆ ಬರುವುದಿಲ್ಲ ಎಂದು ನಾನು ವಾದಕ್ಕಿಳಿದೆ. ದೆವ್ವಕ್ಕೆ ನಿನ್ನಷ್ಟು ಬಾಯಿಲ್ಲ ಎಂದರು ಅತ್ತೆ.

ಮುಂದಿನ ಲಾಂಚು ಬರುವವರೆಗೆ ಕೂಗಿನ ಪಾಠ ನಡೆಯಿತು. ಇವಳ ಮೊದಲ ಕೂಗು ಕೋಳಿಯ ಕತ್ತು ಹಿಚುಕಿದ ಹಾಗಿತ್ತು. ದಡದಲ್ಲಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಸೋಲುವವಳೇ? ಚಪ್ಪಲಿ ಕಳಚಿಟ್ಟು ನೀರಿಗಿಳಿದು ಕೂಗಿದಳು, ಬಂಡೆ ಹತ್ತಿ ಕೂಗಿದಳು. ಕೊನೆಗೊಮ್ಮೆ ಕೂಗು ಸರಿಯಾಗಿ ಹೊರಟಿತು. ದೂರದಲ್ಲಿ ತೆಪ್ಪದ ಮೇಲೆ ಬಲೆ ಬಿಡಿಸುತ್ತಿದ್ದ ಯಾರೋ ತಲೆ ಎತ್ತದೆಯೇ "ಓ…" ಎಂದ. ಅವಳು ಬಂಡೆಯ ಮೇಲೆ ಕುಣಿದಳು ನೋಡಿ! ನಾನೂ ಕುಣಿದೆ. ದೇವಿಯ ಮುಂದೆ ನಿಂತಾಗಲೂ ನಮಗೆ ನಗು ಹಿಡಿಯಲಾಗದೆ ಅತ್ತೆಯ ಕೈಯಲ್ಲಿ ಬೈಸಿಕೊಂಡೆವು.

ಸ್ಪರ್ಧೆಯ ದಿನ ಬೆಳಿಗ್ಗೆ ಹೊಸನಗರದ ಮೇಲೆ ಹೋಗುವ ಪ್ರೈವೇಟ್ ಬಸ್ಸು ಹತ್ತಿದೆವು. ಇವಳು ಸೊಂಟದ ಮುಂದೆ ಪಟ್ಟೆಪಟ್ಟೆ ಬಟ್ಟೆ ಕಟ್ಟಿಕೊಳ್ಳುವ ತನ್ನ ಹಬ್ಬದ ಉಡುಪು ಉಟ್ಟಿದ್ದಳು, ಅತ್ತೆ ರೇಷ್ಮೆ ಸೀರೆ. ವಿಡಿಯೋ ಮಾಡುವ ಜವಾಬ್ದಾರಿ ಅತ್ತೆಯದು, ಅದಕ್ಕೆ ಫೋನನ್ನು ಕಡುಬಿನ ಡಬ್ಬಿಯ ಜೊತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಭಾಷಣ ಹೇಳಿಕೊಳ್ಳಲು ಶುರುಮಾಡಿದ್ದೇ ತಡ, ಕಂಡಕ್ಟರ್ ಬಂದು ನಿಂತ. ನಮ್ಮ ಊರಿನ ರಸ್ತೆ ಗುಂಡಿಗೇ ದನಿ ಎತ್ತದ ನಾಯಕರು ಪರದೇಶಕ್ಕೆ ಎತ್ತುತ್ತಾರಾ ಎಂದು ಕೇಳಿದ. ಹಿಂದಿನ ಸೀಟಿನಲ್ಲಿದ್ದ ಒಬ್ಬರು, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬೇಕಾದಾಗ ಹೊರಗಿನವರು ನಾಲ್ಕು ಮಾತು ಆಡಿದ್ದರಲ್ಲ, ಆಗ ಸಿಹಿಯಾಗಿತ್ತು, ಈಗ ಕಹಿಯಾ ಎಂದರು. ಇಡೀ ಬಸ್ಸು ಎರಡು ಪಾಲಾಯಿತು. ಹೊಸನಗರದಲ್ಲಿ ಆ ತಾಲ್ಲೂಕಿನ ಜೋಡಿ ಹತ್ತಿತು. ಅವರು ನಮ್ಮನ್ನು ನೋಡಿ ಭಾಷಣದ ಹಾಳೆಯನ್ನು ಬ್ಯಾಗಿಗೆ ತುರುಕಿದರು, ನಾವು ಅವರನ್ನು ನೋಡಿ ಬಾಯಿ ಮುಚ್ಚಿಕೊಂಡೆವು. ಕಡುಬು ಮಾತ್ರ ಎರಡೂ ಕಡೆಯವರು ಹಂಚಿಕೊಂಡು ತಿಂದೆವು.

ತೀರ್ಥಹಳ್ಳಿಯ ಸಭಾಭವನ ತುಂಬಿ ತುಳುಕುತ್ತಿತ್ತು. ಮುಖ್ಯ ಅತಿಥಿ ಒಬ್ಬ ರಾಜಕೀಯ ಮುಖಂಡರು. ಮೂಲತಃ ನಮ್ಮ ಅತ್ತೆಯ ಕಡೆಯವರೇ, ಹಿನ್ನೀರಿನ ಹಳ್ಳಿಯಲ್ಲಿ ದನ ಕಾಯ್ದುಕೊಂಡು ಬೆಳೆದವರು. ದೀಪ ಹಚ್ಚಿ ಮೈಕಿನ ಮುಂದೆ ನಿಂತು, ಇವತ್ತಿನ ವಿಷಯದ ಬಗ್ಗೆ ತಾನು ಏನೂ ಹೇಳುವುದಿಲ್ಲ, ಹೇಳಿದರೆ ನಾಳೆ ಬೆಳಿಗ್ಗೆ ಅದನ್ನು ಹೇಳಲೇ ಇಲ್ಲ ಎಂದು ಹೇಳಬೇಕಾಗುತ್ತದೆ ಎಂದರು. ಸಭೆ ನಕ್ಕಿತು. ನನಗೂ ಅವರು ಇಷ್ಟವಾದರು.

ಆಮೇಲೆ ಹಿತ್ತಾಳೆಯ ಚೊಂಬು ಬಂತು. ನಾನು ಕೈ ಹಾಕಿ ಚೀಟಿ ತೆಗೆದೆ. ಪರ. ಹಾಗಾದರೆ ಉಳಿದಿದ್ದು ಇವಳಿಗೆ. ವಿರೋಧ.

ಅವಳ ಮುಖ ನೋಡಿದೆ. ಬಿಸಿಲಿಗೂ ಚಳಿಗೂ ಕೆಂಪಾಗೇ ಇರುವ ಕೆನ್ನೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ತನ್ನ ದೇಶದ ಬಗ್ಗೆ ಒಂದು ಮಾತು ಆಡಲು ಬಂದವಳು, ಆ ಮಾತು ಯಾರೂ ಆಡಬಾರದು ಎಂದು ವಾದಿಸಬೇಕು. ಅದನ್ನು ವಿಡಿಯೋ ಮಾಡಿ ಅಮ್ಮನಿಗೆ ಕಳಿಸಬೇಕು. ನನಗೆ ಸಂಕಟವಾಯಿತು, ಸಂಕಟವಾದರೆ ನನಗೆ ಸಿಟ್ಟೇ ಬರುವುದು. ನಮ್ಮಿಬ್ಬರ ಚೀಟಿ ಅದಲುಬದಲು ಮಾಡಿಕೊಡಿ ಎಂದು ಸಂಘಟಕರ ಹತ್ತಿರ ಹೋದೆ. ತೀರ್ಥಹಳ್ಳಿಯ ಜೋಡಿ ಎದ್ದು ನಿಂತಿತು. ಅವರಿಗೂ ಬೇಡದ ಚೀಟಿಯೇ ಬಂದಿತ್ತು, ಅವರು ಬದಲು ಕೇಳಿರಲಿಲ್ಲ. ನಿಯಮ ಅಂದರೆ ನಿಯಮ ಎಂದರು. ಹಾಗಾದರೆ ನಾವು ಸ್ಪರ್ಧೆಯನ್ನೇ ಬಿಟ್ಟು ಹೋಗುತ್ತೇವೆ ಎಂದೆ. ಅಷ್ಟರಲ್ಲಿ ಇವಳು ನನ್ನ ಸೆರಗು ಹಿಡಿದು ಎಳೆದಳು.

"ಬಿಡ್ರಿ ಅಕ್ಕಾ. ಬಂದದ್ದು ಬಂತು. ಮಾತಾಡದ ಹೋದ್ರ ಅವ್ವಗ ಏನ್ ಕಳಿಸ್ಲಿ?"

ನಾನು ಪರವಾಗಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಮ್ಮ ಮಾವನ ಅಪ್ಪ ಒಡೆಯರ ಗದ್ದೆಯ ಗೇಣಿದಾರ, ಬೆಳೆದ ಭತ್ತವನ್ನು ಅಳೆದು ಕೊಟ್ಟು ಅಂಬಲಿ ಕುಡಿದವರು. ಗೇಣಿದಾರರು ಆ ಜಮೀನಿನ ಒಡೆಯರ ವಿರುದ್ಧ ಎದ್ದು ನಿಂತ ಕಾಲದಲ್ಲಿ ಎಲ್ಲಿಂದಲೋ ಬಂದವರು, ಕನ್ನಡವೇ ಬಾರದವರು ಕೂಡ, ಇವರ ಗದ್ದೆಯ ಅಂಚಿನಲ್ಲಿ ನಿಂತು ಮಾತಾಡಿದ್ದರಂತೆ. ಒಂದಕ್ಷರ ಅರ್ಥವಾಗದಿದ್ದರೂ ಆವತ್ತು ಮೈಯಲ್ಲಿ ಬಲ ಬಂದಿತ್ತೆಂದು ಮಾವನಿಗೆ ಅವರಪ್ಪ ಹೇಳಿದ್ದರು. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದೆಯೂ ಹೋಗಬೇಕು, ಇದು ಮನೆಗೊಂದು ದೇಶಕ್ಕೊಂದು ಅಲ್ಲ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು.

ತೀರ್ಥಹಳ್ಳಿಯ ವಿರೋಧದವರು ನನ್ನ ಚಪ್ಪಾಳೆಯನ್ನು ಗುಡಿಸಿ ಹಾಕಿದರು. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಶುರುಮಾಡಿದಾಗ ನಾನು ಮೂಗು ಮುರಿದೆ. ಆದರೆ ಆಕೆಯ ತಮ್ಮ ಸೈನ್ಯದಲ್ಲಿದ್ದ. ನಾಯಕರು ಮಾತಾಡುವುದು ತಣ್ಣನೆಯ ಕೋಣೆಯಲ್ಲಿ, ಆ ಮಾತಿನ ಬಿಸಿ ತಟ್ಟುವುದು ಗಡಿಯಲ್ಲಿ ನಿಂತವನಿಗೆ, ಅಲ್ಲೊಂದು ಮಾತು ಹೆಚ್ಚಾದರೆ ಇಲ್ಲಿ ನಮ್ಮಮ್ಮ ದೇವರ ಮುಂದಿನಿಂದ ಏಳುವುದಿಲ್ಲ ಎಂದರು. ನಾನು ಮೂಗು ಸರಿಮಾಡಿಕೊಂಡೆ.

ಕೊನೆಗೆ ಇವಳ ಸರದಿ. ಪಟ್ಟೆಪಟ್ಟೆ ಉಡುಪು ಕಂಡು ಸಭೆ ಗುಸುಗುಟ್ಟಿತು. ತಾನು ಟಿಬೆಟಿನವಳು, ಮುಂಡಗೋಡಿನಲ್ಲಿ ಹುಟ್ಟಿದವಳು, ತನ್ನ ಚೀಟಿಯಲ್ಲಿ ವಿರೋಧ ಎಂದು ಬಂದಿದೆ, ಆದ್ದರಿಂದ ನಾಯಕರು ದನಿ ಎತ್ತಲೇಬಾರದು ಎಂದಳು. ಜನಕ್ಕೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ನಗು ಶುರುವಾಯಿತು. ಅವಳೇನು ಕಡಿಮೆಯೇ, ಬೀದಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಳ್ಳುವ ಹಾಗೆ ಸಭೆಯನ್ನು ನಿಲ್ಲಿಸಿಕೊಂಡಳು. ಅತ್ತೆಯ ದೆವ್ವದ ಕಥೆಯನ್ನು ತಂದಳು. ಒಂದು ಸಲ ಕರೆದರೆ ದೆವ್ವ, ಮೂರು ಸಲ ಕರೆದರೆ ಮನುಷ್ಯರು. ತಮ್ಮ ಜನ ಎಷ್ಟು ಸಲ ಕರೆದಿದ್ದಾರೆಂಬ ಲೆಕ್ಕವೇ ತಪ್ಪಿದೆ, ಆದರೂ ಯಾರೂ ಓಗೊಡುವುದಿಲ್ಲ, ಅಂದಮೇಲೆ ತಾವು ಬಹಳ ದೊಡ್ಡ ಜಾತಿಯ ದೆವ್ವಗಳಿರಬೇಕು, ಅಂಥವರ ಉಸಾಬರಿ ನಾಯಕರಿಗೆ ಯಾಕೆ ಎಂದಳು. ಜನ ಕುರ್ಚಿಯ ಮೇಲೆ ಉರುಳಾಡಿದರು. ಮುಖ್ಯ ಅತಿಥಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

ಆಮೇಲೆ ಅವಳು ದನಿ ಇಳಿಸಿದಳು.

"ನಮ್ಮವ್ವ ದಿನಾ ಸಂಜೀಕ ರೇಡಿಯೋ ಹಚ್ಚತಾಳ. ಯಾರೋ ಒಬ್ರು ದೊಡ್ಡವರು, ಎಲ್ಲೋ ಒಂದ್ ಕಡೆ, ನಮ್ಮ ಸಲುವಾಗಿ ಅರ್ಧ ಮಾತು ಆಡ್ತಾರ. ಅರ್ಧ ಮಾತ್ರ. ಅಷ್ಟಕ್ಕ ಆಕಿ ಟ್ರಂಕು ಕೆಳಗ ಇಳಿಸ್ತಾಳ. ಬಟ್ಟಿ ಬಿಸಲಿಗಿ ಹಾಕಿ, ಮಡಚಿ, ಊರಿಗಿ ಹೊಂಟವರಂಗ ಕುಂದರ್ತಾಳ. ಮತ್ತ ಯಾರೂ ಮಾತಾಡಂಗಿಲ್ಲ. ಟ್ರಂಕು ಮ್ಯಾಲೆ ಎತ್ತಿ ಇಡೂದು ನಾನು. ಅದಕ್ಕ ಹೇಳ್ತೇನ್ರಿ, ಆಡೂದಿದ್ರ ಪೂರಾ ಆಡ್ರಿ. ಇಲ್ಲಂದ್ರ, ನನ್ನ ಚೀಟಿ ಪ್ರಕಾರ, ಆಡಬ್ಯಾಡ್ರಿ."

ಯಾರೂ ನಗಲಿಲ್ಲ. ನನಗೆ ಅಳು ಬಂತು. ಎಲ್ಲರ ಮುಂದೆ, ಮೂಗು ಸೊರಸೊರ ಎನ್ನುವಂತೆ ಅತ್ತುಬಿಟ್ಟೆ. ಅವಳು ಮಾತ್ರ ಗಂಟೆ ಹಿಡಿದು ಕೂತಿದ್ದವರ ಕಡೆ ತಿರುಗಿ ಇನ್ನೂ ಟೈಮ್ ಇದೆಯೇ ಎಂದು ಕೇಳಿದಳು. ಸ್ವಲ್ಪ ಇದೆ ಎಂದರು. ಹಾಗಾದರೆ ಅದು ನನ್ನದೇ ಅಲ್ಲವೇ ಎಂದು ಮೈಕಿನಿಂದ ಪಕ್ಕಕ್ಕೆ ಸರಿದಳು. ಎರಡೂ ಕೈ ಬಾಯಿಗೆ ಆನಿಸಿಕೊಂಡಳು.

"ಕೂ…ಊಊ!"

ಹೊಳೆಬಾಗಿಲಿನ ಬಂಡೆಯ ಮೇಲೆ ಕೂಡ ಅಂಥ ಕೂಗು ಅವಳಿಂದ ಹೊರಟಿರಲಿಲ್ಲ. ಸಭಾಭವನದ ತಗಡು ಗುಂಯ್ ಎಂದಿತು.

ಮೊದಲ ಓ ನಮ್ಮ ಅತ್ತೆಯದು. ಫೋನು ಹಿಡಿದಿದ್ದೇನೆಂಬುದನ್ನೂ ಮರೆತು ಓಗೊಟ್ಟರು. ಅವರ ಹಿಂದೆಯೇ ಹೊಸನಗರದ ಜೋಡಿ, ಅದರ ಹಿಂದೆ ಹಿನ್ನೀರಿನ ಹಳ್ಳಿಗಳಿಂದ ಬಂದು ಕೂತಿದ್ದ ಹೆಂಗಸರ ಸಾಲು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು, ತೀರ್ಪುಗಾರರಲ್ಲಿ ಒಬ್ಬರು. ಯಾರೂ ಯೋಚಿಸಿ ಹೇಳಿದ್ದಲ್ಲ. ಕೂಗು ಕಿವಿಗೆ ಬಿತ್ತು, ಓ ಬಾಯಿಗೆ ಬಂತು. ಸೈನಿಕನ ಅಕ್ಕನೂ ಓ ಎಂದರು, ನಾನು ಕಣ್ಣಾರೆ ನೋಡಿದೆ. ಮುಖ್ಯ ಅತಿಥಿಯವರ ಓ ಎಲ್ಲರಿಗಿಂತ ಉದ್ದವಾಗಿತ್ತು. ದನ ಕಾಯ್ದ ಗಂಟಲು ತಲೆಯನ್ನು ಕೇಳಲಿಲ್ಲ. ಮುಗಿದ ಮೇಲೆ ಅವರು ಆಚೀಚೆ ನೋಡಿ, ಯಾರ ಕೈಯಲ್ಲೆಲ್ಲ ಮೊಬೈಲಿದೆ ಎಂದು ಕಣ್ಣಲ್ಲೇ ಹುಡುಕಿದರು. ಸಭೆಗೆ ಮತ್ತೆ ನಗು ಬಂತು. ಈ ಸಲ ಅವರೂ ನಕ್ಕರು.

ಗೆದ್ದವರು ತೀರ್ಥಹಳ್ಳಿಯವರೇ. ಕೂಗು ವಾದವಲ್ಲ ಎಂದು ತೀರ್ಪುಗಾರರು ಇವಳಿಗೆ ಅಂಕ ಕಡಿದರು. ಓ ಎಂದಿದ್ದ ತೀರ್ಪುಗಾರರೂ ಕಡಿದರಂತೆ. ನಾನು ಜಗಳಕ್ಕೆ ಹೋದೆ, ಅತ್ತೆ ತಡೆದರು. ನಮಗೆ ಸಮಾಧಾನಕರ ಬಹುಮಾನ ಎಂದು ಸ್ಟೀಲಿನ ಟಿಫಿನ್ ಬಾಕ್ಸು ಸಿಕ್ಕಿತು. ವಾಪಸು ಬಸ್ಸಿನಲ್ಲಿ ಬೆಳಗಿನ ಕಂಡಕ್ಟರನೇ ಇದ್ದ. ಯಾರು ಗೆದ್ದರು ಎಂದು ಕೇಳಿದ. ನಾವು ಮೂವರೂ ಒಟ್ಟಿಗೆ ಕೂಗು ಹಾಕಿದೆವು, ಡ್ರೈವರು ಓ ಎಂದ, ಬಸ್ಸು ಪೂರ್ತಿ ನಕ್ಕಿತು.

ವಿಡಿಯೋ ನೋಡಿದರೆ ದೇವರಿಗೇ ಪ್ರೀತಿ. ಅತ್ತೆ ಫೋನನ್ನು ತಿರುಗುಮುರುಗು ಹಿಡಿದಿದ್ದರು. ಮೊದಲಿನಿಂದ ಕೊನೆಯವರೆಗೆ ಅತ್ತೆಯ ಗದ್ದ, ಮೇಲೆ ತಿರುಗುವ ಒಂದು ಫ್ಯಾನು, ನಡುವೆ ಒಮ್ಮೆ ಅತ್ತೆ ಕಡುಬು ತಿಂದದ್ದು. ಆದರೆ ದನಿ ಚೊಕ್ಕವಾಗಿ ಬಂದಿತ್ತು. ಇವಳು ಅದನ್ನೇ ಕಳಿಸಿದಳು. ಅವಳ ಅಮ್ಮನಿಗೆ ಕನ್ನಡ ಸಂತೆಗೆ ಬೇಕಾದಷ್ಟೇ ಬರುತ್ತದೆ, ಉಪ್ಪು, ಎಣ್ಣೆ, ಎಷ್ಟು, ಸಾಕು. ಮಗಳು ಯಾವ ಕಡೆ ವಾದಿಸಿದಳೆಂಬುದು ಆ ಮುದುಕಿಗೆ ತಿಳಿಯಲೇ ಇಲ್ಲ.

ಮರುದಿನ ಅಂಗಡಿಯಲ್ಲಿ ಇವಳು ಅಮ್ಮನ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಅವರ ಭಾಷೆ ನನಗೆ ಬರುವುದಿಲ್ಲ. ನಡುನಡುವೆ ಓ ಎಂಬುದೊಂದು ಮಾತ್ರ ಕೇಳಿಸುತ್ತಿತ್ತು. ಫೋನು ಇಟ್ಟ ಮೇಲೆ ಅಮ್ಮ ಏನಂದಳು ಎಂದು ಕೇಳಿದೆ.

"ಕಡೀಕ ಅಷ್ಟು ಮಂದಿ ಕೂಡಿ ಏನಂದ್ರು ಅಂತ ಕೇಳಿದ್ಲು. ಕೇಳಿಸ್ತು ಅಂದ್ರು ಅಂತ ಹೇಳ್ದೆ."

ಟ್ರಂಕು ಇಳಿಸಿದಳೇ ಎಂದು ಕೇಳಲು ನನಗೆ ಹೆದರಿಕೆಯಾಯಿತು. ಕೇಳಿದೆ. ಇಲ್ಲವಂತೆ. ಹಿಂದಿನ ಸಂಜೆ ರೇಡಿಯೋ ಹಾಕುವುದನ್ನೇ ಮರೆತು, ಕಾಲೊನಿಯ ಮನೆಮನೆಗೆ ಹೋಗಿ ನಮ್ಮ ಅತ್ತೆಯ ಗದ್ದ ತೋರಿಸಿ ಬಂದಳಂತೆ.